ನಾಲ್ಕು ಗಂಟೆಗೆ ಗುಜರಿಯವರು ಬರುವ ಮೊದಲು

ಆ ಶನಿವಾರ ಮಾಡಿದ ಕೆಲಸಗಳನ್ನು ಮೊದಲು ಬರೆದುಬಿಡುತ್ತೇನೆ. ಐದೂವರೆಗೆ ಎದ್ದು ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟದ್ದು, ತೊಳೆದ ನೀರನ್ನು ಬಸಳೆಯ ಬುಡಕ್ಕೆ ಹೊಯ್ದದ್ದು. ನಳ್ಳಿ ನೀರು ಬರುವ ದಿನವಾದ್ದರಿಂದ ಟ್ಯಾಂಕಿ ತುಂಬಿಸಿದ್ದು. ಹಿಂದಿನ ದಿನದ ಪುಂಡಿ, ಅಂದರೆ ಅಕ್ಕಿತರಿಯ ಉಂಡೆ, ಆರು ಉಳಿದಿತ್ತು, ಹುಡಿ ಮಾಡಿ ಒಗ್ಗರಣೆ ಕೊಟ್ಟದ್ದು. ತಂಗಿಯ ಗಾಲಿಕುರ್ಚಿಯ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿದ್ದ ಕೂದಲು, ನೂಲು ಎಲ್ಲ ಕತ್ತರಿಯಿಂದ ತೆಗೆದದ್ದು. ಗೇಟಿನ ಬಳಿ ತೋಡಿನ ಮೇಲಿನ ಚಪ್ಪಡಿ ಎರಡು ಸರಿಸಿದ್ದು. ಕಾರಿನ ಅಡಿಗೆ ಮೂರು ಸಲ ಹೋಗಿ ಬಂದದ್ದು. ತಂಗಿಯ ಲೆಕ್ಕದಲ್ಲಿ ಮೂರು ಸಲ ಹೋದದ್ದು, ನಾಲ್ಕು ಸಲ ಬಂದದ್ದು, ಅವಳ ಲೆಕ್ಕ ಯಾವಾಗಲೂ ಹೀಗೆಯೇ. ಬಿಜೈಗೆ ಹೋಗಿ ಹೊಗೆ ಪರೀಕ್ಷೆ ಮಾಡಿಸಿದ್ದು. ನಾಲ್ಕು ಗಂಟೆಗೆ ಅಣ್ಣನ ಹತ್ತಿರ ಜಗಳ. ಆಮೇಲೆ ಒಣಗಿದ ಬಟ್ಟೆ ಮಡಚಿದ್ದು.

ನಾವಿಬ್ಬರು ಅಕ್ಕತಂಗಿ ಶಕ್ತಿನಗರದ ಒಂದು ಇಳಿಜಾರು ರಸ್ತೆಯಲ್ಲಿ ಇರುವವರು. ತಂಗಿಗೆ ಮೂರು ವರ್ಷ ಆಗಿದ್ದಾಗ ಜ್ವರ ಬಂದು ಎರಡೂ ಕಾಲು ಸೋತು ಹೋದವು. ಕಾಲು ಮಾತ್ರ. ಬಾಯಿ, ತಲೆ, ಹಟ ಮೂರೂ ಭದ್ರವಾಗಿ ಉಳಿದವು. ಕದ್ರಿಯಲ್ಲಿ ಒಂದು ಆಫೀಸಿನ ರೆಕಾರ್ಡ್ ವಿಭಾಗ ಅವಳ ಕೈಯಲ್ಲಿದೆ. ಅವಳು ರಜೆ ಹಾಕಿದ ದಿನ ಅಲ್ಲಿ ಯಾವ ಫೈಲೂ ಸಿಗುವುದಿಲ್ಲ ಎಂದು ಅವಳೇ ಹೇಳುತ್ತಾಳೆ, ಅಲ್ಲಿನವರೂ ಹೇಳುತ್ತಾರೆ. ನಾನು ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್. ಬೆಳಿಗ್ಗೆ ಅವಳನ್ನು ಕದ್ರಿಯಲ್ಲಿ ಇಳಿಸಿ ನಾನು ಕಾಲೇಜಿಗೆ, ಸಂಜೆ ನಾನು ಹೋಗಿ ಅವಳನ್ನು ಕರೆದುಕೊಂಡು ಮನೆಗೆ. ಹದಿನೈದು ವರ್ಷದಿಂದ ಇದೇ ಕ್ರಮ.

ಅದಕ್ಕೆ ಮೊದಲಿನ ಕ್ರಮ ಬೇರೆ ಇತ್ತು. ಮಡಚಿದ ಗಾಲಿಕುರ್ಚಿ ನೋಡಿದ ಕೂಡಲೇ ರಿಕ್ಷಾದವರಿಗೆ ಬೇರೆ ಎಲ್ಲಿಯೋ ಬಾಡಿಗೆ ಇರುವುದು ನೆನಪಾಗುತ್ತಿತ್ತು. ಬಸ್ಸಿನ ಮೊದಲ ಮೆಟ್ಟಿಲೇ ಅವಳ ಸೊಂಟಕ್ಕಿಂತ ಮೇಲೆ. ನಾನು ಅವಳನ್ನು ಎತ್ತಿ ಇನ್ನೂ ಒಂದು ಕಾಲು ಮೇಲೆ ಇಟ್ಟಿರುವುದಿಲ್ಲ, ಅಷ್ಟರಲ್ಲಿ ಕಂಡಕ್ಟರ್ "ರೈಟ್, ಪೋಯಿ" ಎಂದು ಬಸ್ಸು ಬಿಡಿಸುತ್ತಿದ್ದ. ಒಂದು ದಿನ ಬಸ್ಸು ಹೋಯಿತು, ಕುರ್ಚಿ ಬಸ್ಸಿನಲ್ಲೇ ಹೋಯಿತು, ನಾವಿಬ್ಬರು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಉಳಿದೆವು. ಆ ವಾರವೇ ನಾನು ಡ್ರೈವಿಂಗ್ ಕಲಿಯಲು ಸೇರಿದೆ. ಆಗ ನನಗೆ ಮೂವತ್ತೆಂಟು.

ಈ ಕಾರು ಮನೆಗೆ ಬಂದದ್ದು ಹಾಗೆ. ಮುಂದಿನ ಸೀಟಿಗೂ ಕುರ್ಚಿಗೂ ನಡುವೆ ಒಂದು ನುಣುಪಾದ ಹಲಸಿನ ಹಲಗೆ ಇಡುತ್ತೇನೆ, ತಂಗಿ ಅದರ ಮೇಲೆ ಕೈಯೂರಿ ಜಾರಿ ಒಳಗೆ ಕೂರುತ್ತಾಳೆ. ಹಿಂದಿನ ಸೀಟು ಬಿಚ್ಚಿಸಿದ ಜಾಗದಲ್ಲಿ ಕುರ್ಚಿ. ಎರಡು ನಿಮಿಷದ ಕೆಲಸ. ಯಾರ ಸಹಾಯವೂ ಬೇಡ.

ಹದಿನೈದು ವರ್ಷ ತುಂಬಿದ ಗಾಡಿಯನ್ನು ಆರ್‌ಟಿಒದವರಿಗೆ ತೋರಿಸಿ ಮತ್ತೆ ನೋಂದಣಿ ಮಾಡಿಸಬೇಕು. ನಮ್ಮ ಸರದಿ ಇದ್ದದ್ದು ಆ ಶನಿವಾರ ಕಳೆದ ಸೋಮವಾರ. ಹೋಗುವಾಗ ಹೊಗೆ ಪರೀಕ್ಷೆಯಲ್ಲಿ ಪಾಸಾದ ಸರ್ಟಿಫಿಕೇಟ್ ಕೈಯಲ್ಲಿರಬೇಕು. ನಮ್ಮ ಕಾರು ಎರಡು ಸಲ ಫೇಲ್ ಆಗಿತ್ತು.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿ ತಿಂಗಳು ಕಳೆದಿತ್ತು. ಶೋರೂಮಿನ ಸರ್ವಿಸಿನವರು ಕಂಪ್ಯೂಟರ್ ಸಿಕ್ಕಿಸಿ ನೋಡಿ, ಹೊಗೆಯ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಎರಡೇ ದಿನ. ಮತ್ತೆ ದೀಪ. ಮತ್ತೆ ತೆಗೆದುಕೊಂಡು ಹೋದೆ. ಅಲ್ಲಿನ ಸೂಪರ್‌ವೈಸರ್ ಟೈ ಕಟ್ಟಿದ ಮರ್ಯಾದಸ್ಥ, ದನಿ ಏರಿಸುವವರಲ್ಲ.

"ಸೆನ್ಸರ್ ಹಾಕಿ ಆಯ್ತಲ್ಲ ಮೇಡಂ. ಇನ್ನು ಕನ್ವರ್ಟರ್ ಹೋಗಿರ್ಬೇಕು."

ಕನ್ವರ್ಟರ್ ಎಂದರೆ ಸೈಲೆನ್ಸರಿನ ಮೊದಲು ಹೊಗೆಯನ್ನು ಶುದ್ಧ ಮಾಡುವ ಡಬ್ಬಿ. ಕಾರಿನಲ್ಲೇ ದುಬಾರಿ ವಸ್ತುಗಳಲ್ಲಿ ಅದೊಂದು.

"ಹೋಗಿರ್ಬೇಕಾ, ಹೋಗಿದೆಯಾ?" ಎಂದು ಕೇಳಿದೆ.

"ಹಾಗೆ ಕೇಳಿದ್ರೆ ಎಂತ ಹೇಳುದು ಮೇಡಂ? ಹಳೆ ಗಾಡಿ. ನನ್ನನ್ನು ಕೇಳಿದ್ರೆ ಎಕ್ಸ್‌ಚೇಂಜ್ ಮಾಡಿ. ಹೊಸದರಲ್ಲಿ ಇಷ್ಟು ದೊಡ್ಡ ಟಚ್‌ಸ್ಕ್ರೀನ್ ಉಂಟು."

"ಟಚ್‌ಸ್ಕ್ರೀನಿನ ಮೇಲೆ ಗಾಲಿಕುರ್ಚಿ ನಿಲ್ಲಿಸ್ಲಿಕ್ಕೆ ಆಗ್ತದಾ?"

ಅವರು ನಕ್ಕರು. ನಾನು ನಗಲಿಲ್ಲ. ಕಂಪ್ಯೂಟರಿನಿಂದ ಬಂದ ಚೀಟಿಯನ್ನು ಕೇಳಿ ತೆಗೆದುಕೊಂಡು ಬಂದೆ. ಅದರಲ್ಲಿ ಬರೆದದ್ದು ಸೆನ್ಸರ್ ಹಾಳು ಎಂದಲ್ಲ, ಕನ್ವರ್ಟರ್ ಹಾಳು ಎಂದಂತೂ ಅಲ್ಲವೇ ಅಲ್ಲ. ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ ಎಂದು ಇತ್ತು.

ವಿಷಯ ಅಣ್ಣನಿಗೆ ಮುಟ್ಟಿತು. ಅಣ್ಣ ನಮ್ಮಿಬ್ಬರಿಗಿಂತ ದೊಡ್ಡವನು, ಬಿಜೈಯಲ್ಲಿ ಅವನ ಮನೆ. ಕೆಟ್ಟವನಲ್ಲ. ಆದರೆ ನಮ್ಮ ಮನೆಯಲ್ಲಿ ಏನು ಕೆಟ್ಟರೂ, ಮಿಕ್ಸಿಯಾಗಲಿ, ಪಂಪಾಗಲಿ, ತಂಗಿಯ ಆರೋಗ್ಯವಾಗಲಿ, ಅವನ ಪರಿಹಾರ ಒಂದೇ: ಇನ್ನು ಸಾಕು. ಗುರುವಾರ ಫೋನ್ ಮಾಡಿದ.

"ಆ ಡಬ್ಬ ಗುಜರಿಗೆ ಕೊಡು. ಅವಳು ಇಷ್ಟು ವರ್ಷ ದುಡಿದದ್ದು ಸಾಕು. ವಾಲಂಟರಿ ತೆಗೊಂಡು ಮನೆಯಲ್ಲಿ ಆರಾಮ ಇರ್ಲಿ. ನಿನಗೂ ಮಂಡೆ ಬಿಸಿ ಇಲ್ಲ."

"ಅವಳಿಗೆ ಇನ್ನೂ ಹತ್ತು ವರ್ಷ ಸರ್ವಿಸ್ ಉಂಟು."

"ಸರ್ವಿಸ್ ಉಂಟು. ಹೋಗ್ಲಿಕ್ಕೆ ಗಾಡಿ ಉಂಟಾ?"

ಅವತ್ತು ಎರಡನೇ ಸಲ ಫೇಲ್ ಆಗಿ ಬಂದ ದಿನ. ಸೆಕೆ, ತಲೆನೋವು. ಬಾಯಿ ಸೋತು ಹೇಳಿಬಿಟ್ಟೆ: "ಶನಿವಾರದೊಳಗೆ ಪಾಸಾಗದಿದ್ರೆ ಕರ್ಕೊಂಡು ಬಾ ನಿನ್ನ ಗುಜರಿಯವರನ್ನು." ಅವನು ಕೂಡಲೇ "ನಾಲ್ಕು ಗಂಟೆಗೆ" ಎಂದ, ಕಾದು ಕೂತವನ ಹಾಗೆ.

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ತಂಗಿ. ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕ, ನನ್ನನ್ನು ರಿಟೈರ್ ಮಾಡಿಸ್ಲಿಕ್ಕೆ ನೀವಿಬ್ಬರು ಯಾರು?" ಎಂದಳು. ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ, "ಈ ನಾಲ್ಕು ಗೋಡೆ ನೋಡಿಕೊಂಡು ಹತ್ತು ವರ್ಷ ಕೂರ್ಲಿಕ್ಕೆ ನನ್ನಿಂದ ಆಪುಜಿ."

ಆಗುವುದಿಲ್ಲ ಎನ್ನುವುದಕ್ಕೆ ತುಳುವಿನಲ್ಲಿ ಇರುವ ಆ ಮಾತನ್ನು ಅವಳು ಸುಮ್ಮಸುಮ್ಮನೆ ಬಳಸುವವಳಲ್ಲ.

ಶುಕ್ರವಾರ ರಾತ್ರಿ ಅಡುಗೆ ಮಾಡುತ್ತಾ ನಾನು ಯೋಚಿಸಿದ್ದು ಹೊಗೆ ಪರೀಕ್ಷೆಯವನ ಒಂದು ಮಾತನ್ನು. ಮೊದಲ ಸಲ ಫೇಲ್ ಆದಾಗ ಅವನು, "ಒಮ್ಮೆ ಸುರತ್ಕಲ್‌ವರೆಗೆ ಜೋರು ಓಡಿಸಿ ಬಿಸಿಬಿಸಿ ತನ್ನಿ ಅಕ್ಕ, ಎಷ್ಟೋ ಗಾಡಿ ಹಾಗೆಯೇ ಪಾಸಾಗುದು" ಎಂದಿದ್ದ. ಗುರುವಾರ ಹಾಗೆಯೇ ಮಾಡಿದೆ. ಹೈವೇಯಿಂದ ಬಂದ ಕೂಡಲೇ ಪೈಪಿಗೆ ನಳಿಕೆ ಇಟ್ಟಾಗ ಅಂಕೆ ಮೊದಲಿನ ಸಲಕ್ಕಿಂತ ಎಷ್ಟೋ ಕೆಳಗೆ ಇತ್ತು. ಪ್ರಿಂಟ್ ಬರುವ ಮೊದಲೇ ಅಲ್ಲಿ ಕರೆಂಟು ಹೋಯಿತು, ಅದು ಬರುವವರೆಗೆ ಕಾರು ನಿಂತಲ್ಲೇ ಗುರುಗುಟ್ಟುತ್ತಿತ್ತು; ಎರಡನೇ ಸಲ ನೋಡಿದರೆ ಅಂಕೆ ಮತ್ತೆ ಮೇಲೆ. ಡಬ್ಬಿಯೇ ಸತ್ತಿದ್ದರೆ ಬಿಸಿ ಇದ್ದರೂ ಸತ್ತದ್ದೇ ಅಲ್ಲವಾ? ಬಿಸಿ ಸಿಕ್ಕಿದಾಗ ಸರಿ, ಬಿಸಿ ಇಳಿದಾಗ ತಪ್ಪು. ಅಂದರೆ ಬಿಸಿ ಮಾಡಬೇಕಾದದ್ದು ಮಾಡುತ್ತಿಲ್ಲ.

ಈ ಸೆನ್ಸರ್ ಹೊಗೆಯ ರುಚಿ ನೋಡುವ ನಾಲಗೆಯ ಹಾಗೆ. ಪೆಟ್ರೋಲ್ ಹೆಚ್ಚಾಯಿತಾ, ಕಡಿಮೆಯಾಯಿತಾ ಎಂದು ಎಂಜಿನ್ನಿಗೆ ಹೇಳುತ್ತದೆ. ಆದರೆ ಚೆನ್ನಾಗಿ ಬಿಸಿಯಾಗದೆ ಅದು ಬಾಯಿ ಬಿಡುವುದಿಲ್ಲ. ಹಾಗಾಗಿ ಅದರೊಳಗೇ ಒಂದು ಪುಟ್ಟ ಹೀಟರ್. ಹೀಟರಿಗೆ ಕರೆಂಟು ಬಾರದಿದ್ದರೆ ಸೆನ್ಸರ್ ಮೌನ. ಎಂಜಿನ್ ಕಣ್ಣು ಮುಚ್ಚಿ ಪೆಟ್ರೋಲ್ ಸುರಿಯುತ್ತದೆ, ಹೊಗೆ ಕೆಡುತ್ತದೆ.

ಇಪ್ಪತ್ತೆರಡು ವರ್ಷದಿಂದ ನಾನು ಲ್ಯಾಬಿನಲ್ಲಿ ನೋಡಿದ್ದು ಒಂದೇ ಸಂಗತಿ. ಮಕ್ಕಳು ಸರ್ಕ್ಯೂಟ್ ಕಟ್ಟುತ್ತಾರೆ, ಮುಳ್ಳು ಅಲುಗುವುದಿಲ್ಲ, ಕೂಡಲೇ "ಮೀಟರ್ ಹಾಳಾಗಿದೆ, ಬೇರೆ ಕೊಡಿ" ಎನ್ನುತ್ತಾರೆ. ನಾನು ಬೇರೆ ಮೀಟರ್ ಕೊಡುವುದಿಲ್ಲ. ಬ್ಯಾಟರಿಯಿಂದ ಶುರು ಮಾಡಿ ಒಂದೊಂದೇ ಸ್ಕ್ರೂ ಮುಟ್ಟಿ ನೋಡು, ಎಲ್ಲಿವರೆಗೆ ಬಂದಿದೆ, ಎಲ್ಲಿಂದ ಬಂದಿಲ್ಲ ಅಂತ ಹೇಳು, ಎನ್ನುತ್ತೇನೆ. ನೂರಕ್ಕೆ ತೊಂಬತ್ತು ಸಲ ವೈರೇ. ಸರ್ವಿಸಿನವರು ಮಾಡಿದ್ದೂ ಆ ಮಕ್ಕಳು ಮಾಡಿದ್ದನ್ನೇ ಎಂದು ನನಗೆ ಅನಿಸಿತು, ಅನಿಸಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಮ್ಮ ಗೇಟಿನ ಒಳಗೆ ಮಳೆನೀರು ಹೋಗುವ ತೋಡು ಇದೆ, ಮೇಲೆ ಚಪ್ಪಡಿ ಹಾಸಿದ್ದು. ಮೇ ತಿಂಗಳಾದ್ದರಿಂದ ಒಣಗಿತ್ತು. ಚಪ್ಪಡಿ ಸರಿಸಿ, ತೋಡಿನ ಆಚೆ ಒಂದು ಸಾಲು ಚಕ್ರ, ಈಚೆ ಒಂದು ಸಾಲು ಬರುವ ಹಾಗೆ ಕಾರು ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೆ. ತೋಡಿನೊಳಗೆ ಗೋಣಿ ಹಾಸಿ ಕೂತರೆ ಕಾರಿನ ಹೊಟ್ಟೆ ನೇರ ತಲೆಯ ಮೇಲೆ. ಗ್ಯಾರೇಜಿನ ಹೊಂಡಕ್ಕಿಂತ ಏನೂ ಕಡಿಮೆಯಿಲ್ಲ.

ತಂಗಿ ಕುರ್ಚಿಯನ್ನು ಬಾನೆಟ್ಟಿನ ಮುಂದೆ ತಂದು ಬ್ರೇಕ್ ಹಾಕಿದಳು. ಮಡಿಲಲ್ಲಿ ಚಾದ ಲೋಟ.

"ಪೇಷಂಟ್ ಹೇಗುಂಟು ಡಾಕ್ಟ್ರೇ?"

"ಬಾಯಿ ಮುಚ್ಚಿ ಟಾರ್ಚ್ ಕೊಡು ಮಾರಾಯ್ತಿ."

ಮೊದಲು ಸೆನ್ಸರಿನ ಪ್ಲಗ್ ಬಿಚ್ಚಿದೆ. ನಾಲ್ಕು ವೈರ್, ಅದರಲ್ಲಿ ಒಂದೇ ಬಣ್ಣದ ಎರಡು ಹೀಟರಿನವು. ನನ್ನ ಮಲ್ಟಿಮೀಟರಿನ ಎರಡು ಮೊನೆ ಅವಕ್ಕೆ ಹಿಡಿದರೆ ಆರು ಓಮ್ ಚಿಲ್ಲರೆ. ಹೀಟರಿನ ತಂತಿ ಜೀವಂತ. ಅಲ್ಲಿಗೆ ಹೊಸ ಸೆನ್ಸರ್ ಸುಖವಾಗಿದೆ ಎಂದಾಯಿತು, ಬಹುಶಃ ಹಳೆಯದೂ ಸುಖವಾಗಿಯೇ ಇತ್ತು. ಆಮೇಲೆ ಎಂಜಿನ್ನಿನ ಕಡೆಯಿಂದ ಬರುವ ಪ್ಲಗ್. ತಂಗಿಗೆ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಲು ಹೇಳಿದೆ. ಹನ್ನೆರಡು ವೋಲ್ಟ್ ಬರಬೇಕಾದ ಜಾಗದಲ್ಲಿ ಸೊನ್ನೆ.

"ಎಷ್ಟು ಬಂತು?"

"ಸೊನ್ನೆ."

"ನನ್ನ ಗಣಿತದ ಮಾರ್ಕಿನ ಹಾಗೆ," ಎಂದಳು. ನನಗೆ ಮಾತ್ರ ಆ ಸೊನ್ನೆ ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ. ಡಬ್ಬಿ ಅಲ್ಲ, ಸೆನ್ಸರ್ ಅಲ್ಲ. ದಾರಿಯಲ್ಲಿ ಎಲ್ಲಿಯೋ ಕರೆಂಟು ನಿಂತಿದೆ.

ಮೇಲೆ ಬಂದು ಫ್ಯೂಸ್ ಪೆಟ್ಟಿಗೆ ತೆರೆದೆ. ಮುಚ್ಚಳದ ಚಿತ್ರ ನೋಡಿ ಹುಡುಕಿದರೆ ಆ ಸಾಲಿನ ಫ್ಯೂಸ್ ಸುಟ್ಟು ನಡುವಿನ ಎಳೆ ಮಾಯ. ಮುಚ್ಚಳದಲ್ಲೇ ಇದ್ದ ಸ್ಪೇರ್ ಹಾಕಿದೆ. ಪ್ಲಗ್ಗಿನಲ್ಲಿ ಹನ್ನೆರಡೂವರೆ ವೋಲ್ಟ್. ಎಲ್ಲ ಸೇರಿಸಿ, ಕಾರು ತೋಡಿನಿಂದ ಇಳಿಸಿ, "ಬಾ, ಬಿಜೈಗೆ ಹೋಗುವ" ಎಂದೆ. ಗಂಟೆ ಇನ್ನೂ ಎಂಟೂವರೆ. ನನ್ನಷ್ಟು ಜಾಣೆ ಮಂಗಳೂರಿನಲ್ಲಿ ಇಲ್ಲ ಎಂದುಕೊಂಡು ಏರು ಹತ್ತಿಸಿದೆ. ಮೇಲಿನ ತಿರುವಿನಲ್ಲಿ ರಸ್ತೆ ಅಗೆದ ಹೊಂಡ, ದಡಕ್ ಎಂದಿತು. ಎರಡು ನಿಮಿಷ ಬಿಟ್ಟು ನಿಲ್ಲಿಸಿ ಬಾನೆಟ್ ತೆರೆದು ನೋಡಿದರೆ ಹೊಸ ಫ್ಯೂಸೂ ಹೋಗಿತ್ತು.

ಹಾಗೆಯೇ ವಾಪಸ್. ತಂಗಿ ದಾರಿಯುದ್ದಕ್ಕೂ ಸುಟ್ಟ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡುತ್ತಾ ಬಂದಳು. ಅದೇ ನನಗೆ ಹೆಚ್ಚು ಉಪದ್ರ ಅನಿಸಿತು.

ಮನೆಗೆ ಬಂದು ಪುಂಡಿ ತಿಂದೆವು. ಪೆಟ್ಟಿಗೆಯಲ್ಲಿ ಅದೇ ಅಳತೆಯ ಫ್ಯೂಸ್ ಉಳಿದದ್ದು ಒಂದು. ಅದನ್ನೂ ಸುಟ್ಟರೆ ಮತ್ತೆ ಹುಡುಕಿಕೊಂಡು ಅಂಗಡಿ ಅಲೆಯಬೇಕು. ಫ್ಯೂಸ್ ಸುಡುವುದೆಂದರೆ ವೈರ್ ಎಲ್ಲಿಯೋ ಬರಿಮೈಯಾಗಿ ಕಾರಿನ ಕಬ್ಬಿಣಕ್ಕೆ ತಾಗುತ್ತಿದೆ. ಅದೂ ಯಾವಾಗಲೂ ಅಲ್ಲ, ಕುಲುಕಿದಾಗ ಮಾತ್ರ. ಲ್ಯಾಬಿನಲ್ಲಿ ಇಂಥದ್ದಕ್ಕೆ ಒಂದು ಉಪಾಯ ಉಂಟು. ಫ್ಯೂಸಿನ ಜಾಗದಲ್ಲಿ ಒಂದು ಬಲ್ಬು ಹಾಕುವುದು. ವೈರ್ ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಸುಡುವ ಬದಲು ಬಲ್ಬು ಪೂರ್ತಿ ಹೊತ್ತುತ್ತದೆ. ಅದು ಹೊತ್ತುವ ಕ್ಷಣದಲ್ಲಿ ಕೈ ಎಲ್ಲಿದೆಯೋ ಅಲ್ಲೇ ಗಾಯ.

ಡಿಕ್ಕಿಯಲ್ಲಿದ್ದ ಬ್ರೇಕ್ ದೀಪದ ಸ್ಪೇರ್ ಬಲ್ಬಿಗೆ ಎರಡು ತುಂಡು ವೈರ್ ಕಟ್ಟಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದೆ. ಕಾರು ಮತ್ತೆ ತೋಡಿನ ಮೇಲೆ, ಸೆನ್ಸರಿನ ಪ್ಲಗ್ ಬಿಚ್ಚಿ ಇಟ್ಟದ್ದು, ಕೀ ಆನ್, ಎಂಜಿನ್ ಆಫ್. ಅದೇ ಫ್ಯೂಸಿನಿಂದ ಹೋಗುವ ಬೇರೆ ಸಣ್ಣಪುಟ್ಟ ವಸ್ತುಗಳೂ ಇದ್ದುದರಿಂದ ಬಲ್ಬು ಸ್ವಲ್ಪ ಮಿಣುಕುತ್ತಿತ್ತು.

"ನೀನು ಇದನ್ನೇ ನೋಡ್ತಾ ಇರು," ಎಂದೆ ತಂಗಿಗೆ. "ಕಣ್ಣು ಮಿಟುಕಿಸ್ಬೇಡ. ಜೋರು ಹೊತ್ತಿದ ಕೂಡ್ಲೇ ಬೊಬ್ಬೆ ಹಾಕು."

"ಬೊಬ್ಬೆ ಹಾಕ್ಲಿಕ್ಕೆ ನನಗೆ ಟ್ರೈನಿಂಗ್ ಬೇಡ. ನೀನು ಒಳಗೆ ಹೋಗು."

ತೋಡಿಗೆ ಇಳಿದು ಒಂದು ಬಿದಿರಿನ ಕೋಲಿನಿಂದ ವೈರನ್ನು ಮೇಲಿನಿಂದ ಶುರು ಮಾಡಿ ಒಂದೊಂದು ಗೇಣು ಅಲ್ಲಾಡಿಸುತ್ತಾ ಬಂದೆ.

"ಈಗ?"

"ಇಲ್ಲ."

"ಈಗ?"

"ಇಲ್ಲ. ಒಂದು ಕಾಗೆ ಬಂದು ಕೂತಿದೆ, ಅದು ಲೆಕ್ಕ ಉಂಟಾ?"

"ಈಗ?"

"ಹೊತ್ತಿತು! ಅಕ್ಕ, ಹೊತ್ತಿತು! ನಂದಿತು. ಎಂತ ಮಾಡಿದೆ ನೀನು? ಮತ್ತೆ ಮಾಡು! ಹೊತ್ತಿತು!"

ಆಚೆ ಮನೆಯವರು ಎಂತ ಆಯಿತೆಂದು ಕಾಂಪೌಂಡಿನ ಮೇಲಿನಿಂದ ಇಣುಕಿದರಂತೆ. ಇವಳು ಅವರಿಗೆ, "ಎಂತ ಇಲ್ಲ, ದೀಪಾವಳಿ," ಎಂದಳಂತೆ.

ಕೋಲು ನಿಂತದ್ದು ಹೊಗೆಪೈಪಿನ ಮೇಲಿನ ತಗಡಿನ ಬಳಿ. ಪೈಪಿನ ಬಿಸಿ ಮೇಲಕ್ಕೆ ತಾಗದ ಹಾಗೆ ಅಡ್ಡ ಇಡುವ ತಗಡು ಅದು. ಅಲ್ಲಿ ಎಲ್ಲವೂ ಕರಿ. ನಮ್ಮ ಊರಿನಲ್ಲಿ ಮಳೆಗೆ ಮೊದಲು ಗಾಡಿಯ ಅಡಿ ತೊಳೆಸಿ ಕರಿ ಬಣ್ಣವೋ ಎಣ್ಣೆಯೋ ಬಳಿಸುವುದು ವಾಡಿಕೆ. ಕಡಲ ಗಾಳಿಗೆ, ಮಳೆಗೆ ಕಬ್ಬಿಣ ಪೊಳ್ಳಾಗುತ್ತದೆ. ಹಪ್ಪಳ, ಸಂಡಿಗೆ, ಒಣಮೀನು ಡಬ್ಬಿಗೆ ಹಾಕಿದ ಹಾಗೆಯೇ ಇದೂ ಒಂದು ಮೇ ತಿಂಗಳ ಕೆಲಸ. ಆ ದಪ್ಪ ಕರಿಯನ್ನು ಚಾಕುವಿನಿಂದ ಕೆರೆದೆ. ಒಳಗಿನಿಂದ ಕಟ್ಟಡದ ಸರಳು ಕಟ್ಟುವ ಕಂಬಿ ಹೊರಬಂತು, ಎರಡು ಸುತ್ತು, ಬಿಗಿಯಾಗಿ ತಿರುಚಿದ್ದು. ಆ ಕಂಬಿಯ ಅಡಿಯಲ್ಲಿ ತಗಡಿಗೆ ಒತ್ತಿಕೊಂಡು ಸೆನ್ಸರಿನ ವೈರ್. ಮೇಲಿನ ಪ್ಲಾಸ್ಟಿಕ್ ಬಿಸಿಗೆ ಕರಗಿ, ಒಳಗಿನ ತಾಮ್ರ ಹಸಿರು ಹಿಡಿದಿತ್ತು.

ಟಾರ್ಚ್ ಹತ್ತಿರ ಹಿಡಿದು ಆ ಕಂಬಿಯ ಸುತ್ತುಗಳನ್ನು ಮತ್ತೊಮ್ಮೆ ಎಣಿಸಿದೆ.

"ಅಕ್ಕ? ಎಂತ ಆಯ್ತು? ಸಿಕ್ಕಿತಾ?"

"ಸಿಕ್ಕಿತು."

"ಯಾರು ಮಾಡಿದ್ದು? ಶೋರೂಮಿನವರಾ?"

"ನಾನು."

ಹೋದ ವರ್ಷ ಮೇಯಲ್ಲಿ ಆ ತಗಡಿನ ಬೋಲ್ಟು ತುಕ್ಕು ಹಿಡಿದು ಉದುರಿ, ಕಾರು ಓಡುವಾಗ ಡಬ್ಬ ಬಡಿದ ಹಾಗೆ ಶಬ್ದ. ಬಣ್ಣ ಬಳಿಯುವವರು, "ಅಕ್ಕ, ಇದಕ್ಕೆ ಕ್ಲಾಂಪ್ ಹಾಕ್ಸಿ, ಗ್ಯಾರೇಜಿಗೆ ಹೋಗಿ" ಎಂದಿದ್ದರು. ಆಗಲೇ ಮೋಡ ಕಟ್ಟಿತ್ತು. ಕ್ಲಾಂಪೂ ಬೇಡ ಎಂತದೂ ಬೇಡ, ಮನೆಯಲ್ಲಿ ಕಂಬಿ ಉಂಟು, ಎರಡು ಸುತ್ತು ಕಟ್ಟಿ ಮಾರಾಯ್ರೆ, ಗಟ್ಟಿ ಕಟ್ಟಿ, ಮೇಲಿನಿಂದ ಬಣ್ಣ ಹೊಡೆದುಬಿಡಿ ಎಂದು ಹೇಳಿದವಳು ನಾನೇ. ಕಂಬಿ ತಂದುಕೊಟ್ಟವಳೂ ನಾನೇ. ಗಟ್ಟಿ ಕಟ್ಟಿದ್ದರು, ಅವರನ್ನು ದೂರುವ ಹಾಗಿಲ್ಲ. ಒಂದು ವರ್ಷ ಶಬ್ದ ಬಂದಿರಲಿಲ್ಲ.

ತಂಗಿ ಪೂರ್ತಿ ಕೇಳಿದಳು. "ಹಾಗಾದ್ರೆ ಶೋರೂಮಿನವರಿಗೆ ಒಂದು ತಿಂಗಳು ಬೈದದ್ದನ್ನು ವಾಪಸ್ ತೆಗೊ."

"ಅರ್ಧ ತೆಗೊಳ್ತೇನೆ. ಹಾಳು ಮಾಡಿದ್ದು ನಾನು. ನೋಡದೆ ಹೇಳಿದ್ದು ಅವರು."

ಆ ಅರ್ಧದಿಂದ ನಾನು ಇವತ್ತಿಗೂ ಕೆಳಗೆ ಇಳಿದಿಲ್ಲ.

ಕಂಬಿ ಕತ್ತರಿಸಿ ತೆಗೆದೆ. ಹಸಿರು ಹಿಡಿದಷ್ಟು ವೈರ್ ಕಡಿದು ಬಿಸಾಡಿ, ಅಷ್ಟೇ ದಪ್ಪದ ಬೇರೆ ತುಂಡು ಬೆಸುಗೆ ಹಾಕಿ ಜೋಡಿಸಿದೆ. ಬೆಸುಗೆಯ ಕಡ್ಡಿ ನನ್ನದೇ ಉಂಟು, ಕಾಲೇಜಿನದ್ದಲ್ಲ. ಜೋಡಿಸಿದ ಜಾಗಕ್ಕೆ ಟೇಪು, ಅದರ ಮೇಲೆ ಹಾಳಾದ ಹಳೆಯ ಇಸ್ತ್ರಿಪೆಟ್ಟಿಗೆಯ ವೈರಿನಿಂದ ಜಾರಿಸಿ ತೆಗೆದ ಬಟ್ಟೆಯ ಕವಚ. ಪೂರ್ತಿ ವೈರನ್ನು ಪೈಪಿನಿಂದ ಗೇಣು ದೂರಕ್ಕೆ ಎಳೆದು ಅದರ ಹಳೆಯ ಕೊಕ್ಕೆಗೇ ಸಿಕ್ಕಿಸಿದೆ. ತಗಡನ್ನು ಸದ್ಯಕ್ಕೆ ಬಿಚ್ಚಿ ತೆಗೆಯಲಿಲ್ಲ, ಒಂದು ಬೋಲ್ಟು ಗಟ್ಟಿ ಇತ್ತು. ಇನ್ನೊಂದಕ್ಕೆ ಕ್ಲಾಂಪ್ ಹಾಕಿಸಿದ್ದು ಮರುವಾರ, ಗ್ಯಾರೇಜಿನಲ್ಲಿ, ಪಕ್ಕದಲ್ಲಿ ನಿಂತು. ಬಲ್ಬು ಮಿಣುಕುತ್ತಾ ಇತ್ತು, ಎಷ್ಟು ಅಲ್ಲಾಡಿಸಿದರೂ ಹೆಚ್ಚು ಹೊತ್ತಲಿಲ್ಲ. ಅದನ್ನು ತೆಗೆದು ಕೊನೆಯ ಫ್ಯೂಸ್ ಹಾಕಿದೆ. ಮೇಲಿನ ತಿರುವಿನ ಅದೇ ಹೊಂಡಕ್ಕೆ ಬೇಕೆಂದೇ ಮೂರು ಸಲ ಇಳಿಸಿ ಹತ್ತಿಸಿದೆ. ಮೂರನೇ ಸಲ ತಂಗಿ, "ಫ್ಯೂಸ್ ಉಳಿದೀತು, ನನ್ನ ಸೊಂಟ ಹೋದೀತು," ಎಂದಳು. ಫ್ಯೂಸ್ ಹೋಗಲಿಲ್ಲ.

ಹಳದಿ ದೀಪ ಮಾತ್ರ ಆರಲಿಲ್ಲ. ಹಳೆಯ ದೂರನ್ನು ಅಷ್ಟು ಬೇಗ ಮರೆಯುವ ಜಾತಿ ಅಲ್ಲ ಅದು, ಕೆಲವು ದಿನ ಸರಿಯಾಗಿ ಓಡಿದ ಮೇಲೆ ತಾನಾಗಿ ಆರುತ್ತದೆ. ಬಿಜೈಯ ಹೊಗೆ ಪರೀಕ್ಷೆಯವನು ಅದನ್ನು ನೋಡಿ ತಲೆ ಕೆರೆದ.

"ಅಕ್ಕ, ದೀಪ ಹಾಗೇ ಉಂಟಲ್ಲ. ಮತ್ತೆ ಫೇಲ್ ಆಗ್ತದೆ ನೋಡಿ. ಸುರತ್ಕಲ್‌ಗೆ ಹೋಗಿ ಬಂದ್ರಾ?"

"ಎಲ್ಲಿಗೂ ಹೋಗ್ಲಿಲ್ಲ. ನೀವು ದೀಪ ನೋಡ್ಬೇಡಿ, ಹೊಗೆ ನೋಡಿ. ಐದು ನಿಮಿಷ ಹೀಗೇ ನಿಲ್ಲಿಸಿ ಆಮೇಲೆ ನೋಡಿ."

ಐದು ನಿಮಿಷ ನಿಲ್ಲಿಸಿಯೇ ನೋಡಿದ. ಅಂಕೆ ಕೆಳಗೆ ಹೋಗಿ ಅಲ್ಲೇ ನಿಂತಿತು. ಮತ್ತೊಮ್ಮೆ ನಳಿಕೆ ತೆಗೆದು ಇಟ್ಟ. ಅಲ್ಲೇ. ತಂಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಪ್ರಿಂಟ್ ಕೊಡಿ, ಪ್ರಿಂಟ್ ಕೊಡಿ, ಕರೆಂಟು ಹೋದೀತು!" ಎಂದು ಅವಸರ ಮಾಡಿದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಣ್ಣನ ಸ್ಕೂಟರ್ ಬಂತು, ಹಿಂದೆಯೇ ಗುಜರಿಯವರ ಟೆಂಪೊ.

"ಎಂತ, ಕಾಗದ ಎಲ್ಲ ತೆಗ್ದಿಟ್ಟಿದ್ದೀಯಾ?" ಎಂದ ಅಣ್ಣ.

ಸರ್ಟಿಫಿಕೇಟ್ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ ಓದಿದ.

"ಮೊನ್ನೆ ಫೇಲ್ ಆದದ್ದು ಇವತ್ತು ಹೇಗೆ ಪಾಸ್? ಯಾರನ್ನು ಹಿಡಿದೆ?"

"ಒಂದು ವೈರನ್ನು ಹಿಡಿದೆ." ಅವನಿಗೆ ಎಲ್ಲ ಹೇಳಿದೆ, ಕಂಬಿಯ ಕತೆಯನ್ನೂ ಬಿಡದೆ. ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಗೆದ್ದರೆ ಅದು ಅವನಿಗೆ ಹೆದರಿ ಗೆದ್ದ ಹಾಗೆ ಎಂದು ನನಗೆ ಅನಿಸಿತು.

"ನೋಡು!" ಅವನಿಗೆ ಅದೇ ಸಿಕ್ಕಿತು. "ನಿನ್ನಿಂದಲೇ ಹಾಳಾದದ್ದು."

"ಹೌದು. ನನ್ನಿಂದಲೇ ಹಾಳಾಯ್ತು, ನನ್ನಿಂದಲೇ ಸರಿಯಾಯ್ತು. ಎರಡಕ್ಕೂ ನೀನು ಬೇಕಾಗ್ಲಿಲ್ಲ."

"ಇವತ್ತು ವೈರು, ನಾಳೆ ಇನ್ನೊಂದು. ಸೋಮವಾರ ಆರ್‌ಟಿಒದಲ್ಲಿ ಬೇಡ ಅಂದ್ರೆ?"

"ಬೇಡ ಅಂತ ಅವರು ಹೇಳ್ಲಿ. ನೀನು ಹೇಳ್ಬೇಡ."

ಅಣ್ಣ ದನಿ ಇಳಿಸಿದ. "ನಿನಗೆ ಐವತ್ತಮೂರು ಆಯ್ತು. ಇನ್ನು ಎಷ್ಟು ವರ್ಷ ನೀನು ಇವಳನ್ನು ಎತ್ತಿ ಕೂರಿಸ್ತಿ?" ಅದು ಅವನ ನಿಜವಾದ ಚಿಂತೆ ಎಂದು ನನಗೆ ಗೊತ್ತು. ಆದರೆ ಉತ್ತರ ನಾನು ಕೊಡಬೇಕಾಗಲಿಲ್ಲ.

"ಅಣ್ಣ," ಎಂದಳು ತಂಗಿ ಜಗಲಿಯಿಂದ, "ನನ್ನನ್ನು ಯಾರೂ ಎತ್ತುದಿಲ್ಲ. ಹಲಗೆಯ ಮೇಲೆ ನಾನೇ ಜಾರಿ ಕೂರ್ತೇನೆ. ಹದಿನೈದು ವರ್ಷದಲ್ಲಿ ಒಂದು ದಿನ ಬೆಳಿಗ್ಗೆ ಬಂದು ನೋಡಿದ್ರೆ ನಿನಗೂ ಗೊತ್ತಾಗ್ತಿತ್ತು."

ಹೇಳಿ, ಕುರ್ಚಿಯನ್ನು ಇಳಿಜಾರಿನಲ್ಲಿ ಇಳಿಸಿಕೊಂಡು ಕಾರಿನ ಹತ್ತಿರ ಬಂದಳು. ಬಾಗಿಲು ತೆರೆದಳು, ಒಳಗಿದ್ದ ಹಲಗೆ ಎಳೆದು ಇಟ್ಟಳು, ಕೈಯೂರಿ ಜಾರಿ ಸೀಟಿನಲ್ಲಿ ಕೂತು, ಒಂದೊಂದೇ ಕಾಲನ್ನು ಎತ್ತಿ ಒಳಗೆ ಇಟ್ಟುಕೊಂಡು ಬಾಗಿಲು ಹಾಕಿದಳು. ನಾನು ಬೆರಳು ಸಹ ಮುಟ್ಟಿಸಲಿಲ್ಲ. ಆಮೇಲೆ ಕಿಟಕಿ ಇಳಿಸಿ ಗುಜರಿಯವರಿಗೆ ಹೇಳಿದಳು:

"ತೂಕಕ್ಕೆ ಹಾಕುದಾದ್ರೆ ನನ್ನನ್ನೂ ಸೇರಿಸಿ ಹಾಕಿ."

"ಅಯ್ಯೋ ಅಕ್ಕ, ಹಾಗೆಲ್ಲ ಮಾತಾಡ್ಬೇಡಿ," ಎಂದರು ಆ ಮನುಷ್ಯ ಕಂಗಾಲಾಗಿ. ಅಣ್ಣನ ಕಡೆ ತಿರುಗಿ, "ನೀವು ಫೋನಲ್ಲಿ ಓಡದ ಗಾಡಿ ಅಂದ್ರಲ್ಲ ಸಾರ್. ಇದರಲ್ಲಿ ಜನ ಕೂತಿದ್ದಾರೆ."

ಅವರಿಗೆ ಪುನರ್ಪುಳಿ ಶರಬತ್ತು ಮಾಡಿ ಕೊಟ್ಟೆ. ಅಷ್ಟು ದೂರ ಬಂದದ್ದಕ್ಕೆ ಅದಾದರೂ ಆಗಲಿ. ಟೆಂಪೊ ಖಾಲಿಯಾಗಿ ಹೋಯಿತು. ಅಣ್ಣ ಸ್ವಲ್ಪ ಹೊತ್ತು ಕಾರಿನ ಸುತ್ತ ತಿರುಗಿ, ಹಲಗೆಯನ್ನು ಕೈಯಿಂದ ಸವರಿ ನೋಡಿ, "ಇದಕ್ಕೆ ಒಮ್ಮೆ ಪಾಲಿಶ್ ಹೊಡೆಸ್ಬೇಕು" ಎಂದ. ಅದಕ್ಕಿಂತ ಹೆಚ್ಚು ಅವನು ಸೋಲುವವನಲ್ಲ. ಶರಬತ್ತು ಕುಡಿಯದೆ ಹೋದ.

ಸೋಮವಾರ ಇನ್‌ಸ್ಪೆಕ್ಟರ್ ಕಾರಿನ ಅಡಿಗೆ ಬಗ್ಗಿ ನೋಡಿದರು, ಚಾಸಿಸ್ ನಂಬರ್ ಉಜ್ಜಿ ನೋಡಿದರು, ಬೇಡ ಎನ್ನಲಿಲ್ಲ. ಅಲ್ಲಿಂದ ನೇರ ತಂಗಿಯನ್ನು ಕದ್ರಿಗೆ ಬಿಟ್ಟೆ, ಅರ್ಧ ದಿನ ತಡವಾಗಿ.

ಆದರೆ ನಾನು ಬರೆಯಲು ಹೊರಟದ್ದು ಶನಿವಾರದ್ದು. ಅವತ್ತು ರಾತ್ರಿಗೆ ಬೆಳಗಿನ ಗಂಜಿಯೇ ಇತ್ತು. ತೊಂಡೆಕಾಯಿ ಪಲ್ಯ, ಒಣ ಸಿಗಡಿ ಚಟ್ನಿ, ಎರಡು ಹುರಿದ ಬಂಗುಡೆ. ದೊಡ್ಡ ಬಂಗುಡೆ ತಂಗಿ ನನಗೆ ಹಾಕಿದಳು, ನಾನು ಅವಳ ಬಟ್ಟಲಿಗೆ ಹಾಕಿದೆ, ಅವಳು ಮತ್ತೆ ನನಗೆ ಹಾಕಿದಳು, ಕೊನೆಗೆ ಮುರಿದು ಅರ್ಧರ್ಧ ಮಾಡಿದೆವು. ನನ್ನ ಉಗುರಿನೊಳಗಿನ ಕರಿ ಸೋಪಿಗೂ ಹೋಗಿರಲಿಲ್ಲ, ಹಾಗಾಗಿ ಚಮಚದಲ್ಲಿ ಉಂಡೆ. ಮೊದಲು ನಿದ್ದೆ ಹೋದದ್ದು ನಾನು. ಮಲಗಿಕೊಂಡು ಅವಳಿಗೆ ಓಮ್ ಎಂದರೆ ಏನೆಂದು ವಿವರಿಸುತ್ತಿದ್ದೆನಂತೆ, ನಡುವಿನಲ್ಲೇ ಗೊರಕೆ ಶುರುವಾಯಿತಂತೆ.